ಅನಸುಬಾಯಿಯ ಮಾಳಿಗೆಗೆ ಬಂದ ಕನ್ನಡಿ

ರಾವೂರಿನ ಅನಸುಬಾಯಿ ಹರೆಯವೆಲ್ಲ ಗಣಿಯಲ್ಲಿ ನೆಲಕ್ಕೆ ಹಾಸುವ ಫರಸಿ ಕಲ್ಲು ಎತ್ತಿದವಳು. ಹೋದ ವರ್ಷ ಇಂಜಿನಿಯರಿಂಗ್ ಕಾಲೇಜಿನವರು ಬಂದು ಅವಳ ಮಾಳಿಗೆಯ ಮೇಲೆ ಕನ್ನಡಿಯ ಹಲಗೆಯೊಂದನ್ನು ನಿಲ್ಲಿಸಿ ಹೋದರು. ಅದರ ತುಂಬ ಅಂಗೈಯಗಲದ ಕನ್ನಡಿಗಳು. ಯಾರೂ ಮುಟ್ಟದೆ ಒಂದೊಂದೂ ತಾನಾಗಿ ಹೊರಳುತ್ತಿತ್ತು. ಮುಖ ನೋಡಿಕೊಳ್ಳಲು ಹೋದರೆ ಹಣೆ ಒಂದು ಕಡೆ, ಗದ್ದ ಇನ್ನೊಂದು ಕಡೆ.

ಮಗ ಅಜಯಕುಮಾರ ಬಿಡಿಸಿ ಹೇಳಿದ. ಇಂಟರ್ನೆಟ್ಟಿನ ತಂತಿ ಪಂಚಾಯಿತಿಯವರೆಗೆ ಬಂದಿದೆ. ತನ್ನ ಹೆಂಡತಿ ಲುಂಬಿನಿ ನರ್ಸ್ ಆಗಿರುವ ಆರೋಗ್ಯ ಉಪಕೇಂದ್ರ ಗಣಿಯ ಆಚೆ ದಂಡೆಗಿದೆ, ಅಲ್ಲಿ ಮೊಬೈಲ್ ಹತ್ತುವುದಿಲ್ಲ. ಪಂಚಾಯಿತಿಯಿಂದ ಬೆಳಕಿನಲ್ಲೇ ಮಾತು, ಚಿತ್ರ ಕಳಿಸಬಹುದು, ಆದರೆ ನಡುವೆ ಕಲ್ಲಿನ ದಿಬ್ಬ ಅಡ್ಡ. ಅದಕ್ಕೇ ಬೆಳಕು ಈ ಕನ್ನಡಿಗೆ ಬಡಿದು ಆಚೆಗೆ ತಿರುಗುತ್ತದೆ. ಗಾಳಿಗೆ ಅಲುಗಿದರೂ ಗುರಿ ತಪ್ಪದಂತೆ ಕನ್ನಡಿಗಳು ತಾವೇ ಹೊರಳುತ್ತವೆ.

“ಬೆಳಕ ಎಲ್ಲದ?”

“ಕಣ್ಣಿಗಿ ಕಾಣಂಗಿಲ್ಲವ್ವ.”

ಅನಸುಬಾಯಿಗೆ ಗೊಂದಲ ಇನ್ನೂ ಹೆಚ್ಚಿತು. ತಲೆಯ ಮೇಲೆ ಹಾಯುವ ಮಾತು ಕೇಳಿಸೀತೆಂದು ಮಾಳಿಗೆಯಲ್ಲಿ ಕಿವಿಗೊಟ್ಟು ನಿಂತಳು. ಗಾಳಿಯಷ್ಟೇ ಕೇಳಿಸಿತು.

ಒಂದು ಮುಂಜಾನೆ ಗಣಿಯಲ್ಲಿ ಮದ್ದು ಹಾರಿಸಿದರು. ಬಿಳಿ ಧೂಳು ಊರಿನ ಕಡೆಗೆ ಎದ್ದು ಬಂತು. ಕನ್ನಡಿ ಹೊಲಸಾದೀತೆಂದು ಅವಳು ಓಡಿಹೋಗಿ ತನ್ನ ಕೌದಿ ಹೊದಿಸಿದಳು.

ಧೂಳು ಅಡಗುವ ಹೊತ್ತಿಗೆ ಆಚೆ ದಂಡೆಯಲ್ಲಿ ಲುಂಬಿನಿ ಹೊರಗೆ ಬಂದು ಎರಡೂ ಕೈ ಬೀಸತೊಡಗಿದಳು. ಅನಸುಬಾಯಿಯೂ ಬೀಸಿದಳು. ಸೊಸೆ ಇನ್ನೂ ಜೋರಾಗಿ ಬೀಸಿದಳು. ಕೂಗಿದರೆ ಕೇಳಿಸುವ ದೂರವಲ್ಲ. ತಾನು ಕಾಣುತ್ತಿಲ್ಲವೇನೋ ಎಂದುಕೊಂಡ ಅತ್ತೆ ಕೌದಿಯನ್ನೇ ಎಳೆದುಕೊಂಡು, ಮಾಳಿಗೆಯ ಇನ್ನೊಂದು ಮೂಲೆಗೆ ಹೋಗಿ ಅದನ್ನೇ ಬೀಸಿದಳು. ಲುಂಬಿನಿ ತಟ್ಟನೆ ಒಳಗೆ ಹೋಗಿಬಿಟ್ಟಳು. ತನ್ನಿಂದ ಏನು ತಪ್ಪಾಯಿತೆಂದು ತಿಳಿಯದೆ ಅನಸುಬಾಯಿ ಪೆಚ್ಚಾಗಿ ನಿಂತಳು.

ಸಂಜೆ ಸೊಸೆ ಬಂದು ನಡೆದದ್ದು ಹೇಳಿದಳು. ಬಿಸಿನೀರು ಬಿದ್ದು ತೊಡೆ ಸುಟ್ಟ ಕೂಸನ್ನು ಚಿತ್ತಾಪುರದ ಡಾಕ್ಟರಿಗೆ ಪರದೆಯ ಮೇಲೆ ತೋರಿಸುತ್ತಿದ್ದಾಗಲೇ ಚಿತ್ರ ಆರಿಹೋಗಿತ್ತು. ಹೊರಗೆ ಬಂದು ನೋಡಿದರೆ ಅತ್ತೆಯ ಕೌದಿ. ಅದನ್ನು ತೆಗೆದೊಡನೆ ಡಾಕ್ಟರು ಮತ್ತೆ ಕಾಣಿಸಿದ್ದರು. ಅವರು ಹೇಳಿದಂತೆ ಆರೈಕೆ ಮಾಡಿದ ಮೇಲೆ ಕೂಸು ಅಳು ನಿಲ್ಲಿಸಿ ಮಲಗಿತಂತೆ.

“ಅಂದ್ರ ಡಾಕ್ಟರ್ ನನ್ನ ಕೌದ್ಯಾಗ ಸಿಕ್ಕೊಂಡಿದ್ರೇನ?”

“ಅವ್ರಲ್ಲ ಅತ್ತಿ, ಅವ್ರ ಚಿತ್ರ ತರೂ ಬೆಳಕ.”

“ಮತ್ ಆ ಚಿತ್ರ ಕೌದಿ ಮ್ಯಾಲ ಯಾಕ ಮೂಡಲಿಲ್ಲ?”

ಲುಂಬಿನಿ ನಕ್ಕು, ತನಗೂ ಭಾಳ ತಿಳಿದಿಲ್ಲ ಎಂದಳು.

ಮುಂದಿನ ವಾರ ಕೂಸಿನ ತಾಯಿ ಭೀಮಮ್ಮ ಮಾಳಿಗೆ ಹತ್ತಿ ಬಂದಳು. ಬೆಳಕು ಯಾವ ಕಡೆಯಿಂದ ಬರುತ್ತದೆಂದು ಕೇಳಿದಳು. ಅನಸುಬಾಯಿ ಪಂಚಾಯಿತಿಯ ಕಡೆ ಕೈ ತೋರಿಸಿದಳು. ಆಮೇಲೆ ಅನುಮಾನ ಬಂದು ಉಪಕೇಂದ್ರದ ಕಡೆಗೂ ತೋರಿಸಿದಳು. ಭೀಮಮ್ಮ ಎರಡೂ ಕಡೆ ತಿರುಗಿ ಕೈಮುಗಿದಳು.