ಹೊರಗಿನ ರಕ್ತದ ಹುಂಜ

ಎಲ್ಲರೂ ಅವಳನ್ನು ಕೋಳಿಯಕ್ಕ ಅಂತಲೇ ಕರೆಯುತ್ತಿದ್ದರು. ಸರ್ಕಾರಿ ಕೋಳಿ ಫಾರಂನಲ್ಲಿ ಇಪ್ಪತ್ತಾರು ವರ್ಷ ದುಡಿದವಳು. ಕೊನೆಯ ಶೆಡ್ಡು ಅವಳದು. ಅಲ್ಲಿದ್ದದ್ದು ಬೂದು ಬಣ್ಣದ, ಗಿಡ್ಡ ಕಾಲಿನ, ಕತ್ತು ಬೋಳಾದ ನಾಟಿ ಕೋಳಿ. ಎಂಥ ಬಿಸಿಲಿಗೂ ಜಗ್ಗದ ತಳಿ. ಬೇರೆಲ್ಲೂ ಉಳಿದಿಲ್ಲ, ಕಾಪಾಡು ಅಂತ ಅವಳ ಕೈಗೆ ಕೊಟ್ಟಿದ್ದರು.

ಮೊದಮೊದಲು ನೂರು ಮೊಟ್ಟೆ ಇಟ್ಟರೆ ಎಂಬತ್ತು ಮರಿಯಾಗುತ್ತಿತ್ತು. ಬರಬರುತ್ತಾ ಐವತ್ತಾಯಿತು, ಮೂವತ್ತಾಯಿತು. ಹುಟ್ಟಿದ ಮರಿಗಳದೂ ಸೊಟ್ಟ ಕೊಕ್ಕು, ಸೊಟ್ಟ ಕಾಲು. ಅವಳು ಮೇವು ಬದಲಿಸಿದಳು. ಮರಿ ಮಾಡುವ ಮಿಷನ್ನಿನ ಕಾವನ್ನು ಗಂಟೆಗೊಮ್ಮೆ ನೋಡಿದಳು.

"ನನಗಿಂತ ಆ ಹುಂಜದ ಮೇಲೇ ನಿನಗೆ ಅಕ್ಕರೆ. ನನ್ನ ತಲೆಯೂ ಬೋಳೇ, ನೋಡು" ಅಂದ ಗಂಡ. ಅವಳಿಗೆ ನಗು ಬರಲಿಲ್ಲ.

ಫಾರಂನ ಡಾಕ್ಟರು ಹೇಳಿದರು: "ತಪ್ಪು ಮೇವಿನದಲ್ಲಮ್ಮ. ಅಪ್ಪ-ಮಗಳು, ಅಣ್ಣ-ತಂಗಿ ಅಂತ ಇಷ್ಟು ವರ್ಷ ಒಳಗೊಳಗೇ ಕೂಡಿ ರಕ್ತ ಸೊರಗಿದೆ. ಇದೇ ತಳಿಯ ಹುಂಜ ಹೊರಗಿನಿಂದ ಬರಬೇಕು. ಎರಡು ಸಿಕ್ಕರೂ ಸಾಕು."

ಎಲ್ಲಾದರೂ ಒಂದೆರಡು ಉಳಿದಿರಬಹುದೆಂದು ರಜೆ ಹಾಕಿ, ತಮ್ಮನ ಬೈಕಿನ ಹಿಂದೆ ಕೂತು ಹದಿನಾಲ್ಕು ಊರು ಸುತ್ತಿದಳು. ಎಲ್ಲ ಅಂಗಳದಲ್ಲೂ ಕೊಬ್ಬಿದ ಕಂದು ಹುಂಜಗಳೇ. ಅವುಗಳ ಮೂಲ ಅವಳಿಗೆ ಗೊತ್ತಿತ್ತು. ಕೆಲಸಕ್ಕೆ ಸೇರಿದ ಹೊಸದರಲ್ಲಿ ಅವಳೇ ಬುಟ್ಟಿ ಹೊತ್ತು ಮನೆಮನೆಗೆ ಹಂಚಿದ್ದಳು. ನಿಮ್ಮ ಹಳೇ ಹುಂಜ ಕೊಡಿ, ಸುಧಾರಿತ ಹುಂಜ ತಗೊಳ್ಳಿ, ಮೊಟ್ಟೆ ದುಪ್ಪಟ್ಟಾಗುತ್ತೆ ಅನ್ನುವುದು ಆಗಿನ ಯೋಜನೆ. ತಂದ ಹಳೇ ಹುಂಜಗಳೆಲ್ಲ ಅವತ್ತೇ ಮಾಂಸದಂಗಡಿ ಸೇರುತ್ತಿದ್ದವು.

ಕೊನೆಯ ಊರಿನ ಅಜ್ಜಿಯೊಬ್ಬಳು ಅವಳನ್ನು ದಿಟ್ಟಿಸಿ ನೋಡಿದಳು. "ಬುಟ್ಟಿ ಹೊತ್ಕೊಂಡು ಬಂದವಳು ನೀನೇ ಅಲ್ವೇನೇ? ಕತ್ತು ಬೋಳು ಹುಂಜ ಯಾಕಮ್ಮ ಸಾಕ್ತೀರಿ ಅಂದೆ ನೀನು. ನಾನು ನಂಬಿ ಕೊಟ್ಟೆ."

"ಒಂದಾದರೂ ಉಳಿದಿಲ್ವಾ ಅಜ್ಜಿ?"

"ನೀನು ಬಿಟ್ಟಿದ್ದರೆ ತಾನೇ ಉಳಿಯೋದು" ಅಂದಳು ಅಜ್ಜಿ. ಸಿಟ್ಟೇನೂ ಇರಲಿಲ್ಲ. ಕುಡಿಯಲು ನೀರು ಕೊಟ್ಟಳು.

ಪಕ್ಕದ ಮನೆಯಲ್ಲಿ ಬೋಳು ಕತ್ತಿನ ಹುಂಜವೊಂದು ಕಂಡಿತು. ಕಾಲು ಉದ್ದ, ಮೈ ಕಂದು, ಬೆರಕೆ.

"ಇದನ್ನೇ ಒಯ್ಯೋಣ ಅಕ್ಕ, ಯಾರಿಗೆ ಗೊತ್ತಾಗುತ್ತೆ?" ಅಂದ ತಮ್ಮ.

"ನನಗೆ ಗೊತ್ತಾಗುತ್ತಲ್ಲ" ಅಂದು ಬೈಕ್ ಹತ್ತಿದಳು.

ಮಳೆ ಹಿಡಿದ ಮೇಲೆ ಶೆಡ್ಡಿಗೆ ಜ್ವರ ಬಂತು. ಪಕ್ಕದ ಶೆಡ್ಡುಗಳಲ್ಲಿ ಕೆಲವು ಸತ್ತವು, ಕೆಲವು ಚೇತರಿಸಿಕೊಂಡವು. ಇಲ್ಲಿ ಎಲ್ಲದರ ಮೈಯಲ್ಲೂ ಒಂದೇ ರಕ್ತ. ಒಂದು ತಾಳಲಾರದ ರೋಗವನ್ನು ಯಾವುದೂ ತಾಳಲಿಲ್ಲ. ಹನ್ನೊಂದನೆಯ ದಿನ ಶೆಡ್ಡು ಖಾಲಿ. ಗುಂಡಿಗೆ ಸುಣ್ಣ ಹಾಕಿ ಅವಳೇ ಮಣ್ಣು ಮುಚ್ಚಿದಳು.

ಡಾಕ್ಟರು ಕಾಗದ ತೆಗೆದರು. "ಕಾರಣ ರೋಗ ಅಂತ ಬರೀತೀನಿ."

"ಅಷ್ಟೇ ಬರೀಬೇಡಿ ಸಾರ್."

"ಮತ್ತೇನು ಬರೀಲಿ?"

ಅವಳು ಗುದ್ದಲಿ ತೊಳೆಯಲು ಹೋದಳು.

ಒಂದು ತಿಂಗಳಾದ ಮೇಲೆ ಅಜ್ಜಿಗೆ ವಿಷಯ ತಿಳಿಸೋಣವೆಂದು ಬಸ್ಸು ಹಿಡಿದಳು. ಅಜ್ಜಿ ಮನೆಯಲ್ಲಿರಲಿಲ್ಲ, ಸೊಸೆ ಬಟ್ಟೆ ಒಗೆಯುತ್ತಿದ್ದಳು. ಬೋಳು ಕತ್ತಿನ ಬೂದು ಕೋಳಿಗಳೆಲ್ಲ ಹೋದವು ಅಂತ ನಿಮ್ಮತ್ತೆಗೆ ಹೇಳು ಅಂದಳು.

"ಅದ್ಯಾವ ಕೋಳಿ ಅಕ್ಕ? ನಾನು ನೋಡೇ ಇಲ್ಲವಲ್ಲ" ಅಂದಳು ಸೊಸೆ.