ರೇಷ್ಮೆ ಹುರಿಯ ಬಲದಲ್ಲಿ ಚಳ್ಳಕೆರೆಗೆ

ಆ ಹಳೆಯ, ಮೇಲ್ಛಾವಣಿಯಿಲ್ಲದ ಸ್ಪೋರ್ಟ್ಸ್ ಕಾರು ನನ್ನದಾಗಿ ಎಂಟೇ ದಿನ. ಮೊಳಕಾಲ್ಮೂರಿನ ನೇಕಾರರ ಬೀದಿಯಲ್ಲಿ ಬಾನೆಟ್ಟಿನಿಂದ ಹಬೆ ಎದ್ದಿತು. ಇಂಜಿನ್ ತಣ್ಣಗಿಡುವ ಫ್ಯಾನ್ ಬೆಲ್ಟ್ ತುಂಡಾಗಿತ್ತು. ಎಸ್‌ಟಿಡಿ ಬೂತಿನಿಂದ ಚಳ್ಳಕೆರೆಯ ಬಿಡಿಭಾಗಗಳ ಅಂಗಡಿಗೆ ಫೋನ್ ಮಾಡಿದರೆ, "ಕಾರನ್ನೇ ತನ್ನಿ, ಹಾಕಿ ನೋಡೋಣ" ಅಂದರು. ಹಾಗೇ ಓಡಿಸಿ ಇಂಜಿನ್ ಸುಟ್ಟರೆ ಬದಲಿ ಸಿಗುವ ಕಾರಲ್ಲ ಅದು. ನನಗೆ ಅಳುವೇ ಬಂತು.

ಎದುರು ಮನೆಯ ಮಗ್ಗದಿಂದ ಎದ್ದುಬಂದ ಓಬಳಯ್ಯ ಎಂಬ ಅಜ್ಜ ಆ ತುಂಡನ್ನು ತಿರುಗಿಸಿ ನೋಡಿದರು. "ಇಷ್ಟೇನಾ? ಇರ್ರಿ." ಮಿಕ್ಕಿದ್ದ ಕೆಂಪು ರೇಷ್ಮೆ ಎಳೆಗಳನ್ನು ಹುರಿ ಮಾಡಿ, ಬೆಲ್ಟಿನ ಜಾಗಕ್ಕೆ ಬಿಗಿದು ಗಂಟು ಹಾಕಿದರು.

"ಚಳ್ಳಕೆರೆ ತನಕ ತಡೀತೈತೇನಜ್ಜಾ?"

"ಯಾರಿಗ್ಗೊತ್ತು? ಗಂಟು ನಂದು, ನಾನೂ ಬರ್ತೀನಿ" ಎಂದು ಪಕ್ಕದ ಸೀಟಿನಲ್ಲಿ ಕೂತೇಬಿಟ್ಟರು.

ಮೆಲ್ಲಗೆ ಹೊರಟೆವು. ಅಲ್ಲಲ್ಲಿ ನಿಲ್ಲಿಸಿ ಬಾನೆಟ್ ಎತ್ತಿ ನೋಡುತ್ತಿದ್ದೆವು. ತಿರುಗುವಾಗ ಹುರಿ ಕಾಣದು, ಕೆಂಪು ಬೆಳಕೊಂದೇ ಸುತ್ತುತ್ತಿತ್ತು. ಇಕ್ಕೆಲದ ಶೇಂಗಾ ಹೊಲಗಳು ತೇಲಿಹೋದವು. ಅಜ್ಜ ತಲೆಯನ್ನು ಹಿಂದಕ್ಕೆ ಒರಗಿಸಿ ಆಕಾಶ ನೋಡುತ್ತಿದ್ದರು.

"ಮೋಡ ನಮ್ ಜೊತೆಗೇ ಬರ್ತೈತೆ ನೋಡ್ರಿ. ಮಗ್ಗದ ಗುಂಡಿಯಾಗೆ ಕಾಲಿಳಿಬಿಟ್ಟು ಕೂತೋನಿಗೆ ಇದೆಲ್ಲಿ ಕಾಣ್ಬೇಕು?"

ಚಳ್ಳಕೆರೆಯ ಅಂಗಡಿಯವರು ಕೊಟ್ಟ ಬೆಲ್ಟ್ ಹಿಡಿದು ನೋಡಿದರೆ ಅಳತೆ ಸರಿಯಿತ್ತು. ಹುರಿ ಬಿಚ್ಚಲು ನಾನು ಸ್ಪ್ಯಾನರ್ ಎತ್ತಿಕೊಂಡೆ. ಅಜ್ಜ ಸೀಟಿನಿಂದ ಏಳಲೇ ಇಲ್ಲ.

"ಈಗ್ಲೇ ಬಿಚ್ತೀರಾ ಸ್ವಾಮಿ? ಇನ್ನೊಂದೀಟು ದೂರ ಹೋಗಿ ಬರೋಣ."

ಹೊಸ ಬೆಲ್ಟನ್ನು ಅವರ ಮಡಿಲಲ್ಲಿಟ್ಟು, ಊರಾಚೆಯ ವರವು ಕಾವಲಿನ ಹುಲ್ಲುಗಾವಲಿನ ಕಡೆ ಕಾರು ತಿರುಗಿಸಿದೆ.