ಏಳನೇ ನಂಬರಿನ ಗೊಂಬೆ

‘ಮೇಡಂ, ನಿಮ್ಮ ಏಳನೇ ಗೊಂಬೆ ನಮ್ಮ ಟೀ ಪುಡೀಲಿ ಸಿಕ್ತು.’

ಬೆಳಗಿನ ಕಾಫಿ ಕೈಯಲ್ಲಿದ್ದಾಗ ಮೊಬೈಲಿಗೆ ಬಂದ ಮೆಸೇಜ್ ಇದು. ಕಳಿಸಿದವರು ಹೊನ್ನೂರಿನ ಶಿವಮಲ್ಲಪ್ಪ. ಈ ಅಂಕಣದ ಹಳೇ ಓದುಗರು. ಕಬ್ಬು, ತೆಂಗು ಬೆಳೆಯುತ್ತಾರೆ, ನಾನು ಬರೆದದ್ದರಲ್ಲಿ ತಪ್ಪು ಹುಡುಕುತ್ತಾರೆ. (ಎರಡನೆಯದರಲ್ಲೇ ಇಳುವರಿ ಜಾಸ್ತಿಯಂತೆ.) ಮೆಸೇಜಿನ ಕೆಳಗೊಂದು ಫೋಟೋ. ಸ್ಟೀಲ್ ತಟ್ಟೆಯಲ್ಲಿ ಟೀ ಪುಡಿ, ಅದರ ಮೇಲೆ ಕಿರುಬೆರಳುದ್ದದ ಪ್ಲಾಸ್ಟಿಕ್ ಮದುಮಗಳು. ಕೆಂಪು ರೇಷ್ಮೆ ಸೀರೆ, ಹಸಿರು ಅಂಚು.

ಕಾಫಿ ಆರಿಹೋಯಿತು. ನಾನು ಕುಡಿಯಲಿಲ್ಲ.

ನೆನಪಿದೆಯಲ್ಲ, ಹೋದ ತಿಂಗಳು ಇದೇ ಜಾಗದಲ್ಲಿ ‘ಫ್ರೀ’ ಸಾಮಾನಿನ ಬಗ್ಗೆ ಬರೆದಿದ್ದೆ? ಬ್ರಷ್ ಚೆನ್ನಾಗಿದೆ ಅಂತ ಪೇಸ್ಟ್ ಕೊಳ್ಳುವ, ಡಬ್ಬ ಚೆನ್ನಾಗಿದೆ ಅಂತ ಅದರೊಳಗಿನ ಪುಡಿಯನ್ನೂ ಸಹಿಸಿಕೊಳ್ಳುವ ಜನ ನಾವು ಅಂತ. ಅದರಲ್ಲೇ ಒಂದು ಟೀ ಪುಡಿ ಕಂಪನಿಯ ವಿಷಯವೂ ಬಂದಿತ್ತು. (ಹೆಸರು ಬೇಡ, ಅದು ಎಂದೋ ಮುಚ್ಚಿದೆ.) ನಾನು ಚಿಕ್ಕವಳಿದ್ದಾಗ ಅವರು ಪ್ಯಾಕೆಟ್ಟಿಗೊಂದು ಗೊಂಬೆ ಇಡುತ್ತಿದ್ದರು. ಪೊಲೀಸ್, ಪೋಸ್ಟ್‌ಮ್ಯಾನ್, ರೈತ, ಟೀಚರ್, ಡಾಕ್ಟರ್, ಕಂಡಕ್ಟರ್. ಆರು ಬಂದವು. ಏಳನೆಯವಳು ಮದುಮಗಳು, ಅಸಲಿ ರೇಷ್ಮೆ ಸೀರೆ ಉಟ್ಟು ಬರುತ್ತಾಳೆ ಎಂದು ಅಂಗಡಿ ಅಂಗಡಿಗೆ ಪೋಸ್ಟರ್ ಅಂಟಿಸಿದರು. ಅವಳು ಬರಲೇ ಇಲ್ಲ. ನಾನು ಬರೆದದ್ದು ಇಷ್ಟೇ.

ಅಷ್ಟಕ್ಕೇ ಹಳೇ ಗೊಂಬೆ ಕೂಡಿಡುವವರ ವಾಟ್ಸಾಪ್ ಗ್ರೂಪೊಂದು ನನ್ನನ್ನು ಕೇಳದೆಯೇ ಸೇರಿಸಿಕೊಂಡಿತು. ಅಲ್ಲಿ ತಲೆ ನರೆತವರೆಲ್ಲ ಪೋಸ್ಟ್‌ಮ್ಯಾನ್ ಚೀಲದ ಬಣ್ಣ ಕಂದೋ ಖಾಕಿಯೋ ಎಂದು ಮಾತು ಬಿಡುವ ಮಟ್ಟಕ್ಕೆ ಜಗಳವಾಡುತ್ತಾರೆ. ಏಳನೆಯದು ತಯಾರಾಗಿಯೇ ಇರಲಿಲ್ಲ, ಪೋಸ್ಟರ್ ಮಾತ್ರ ಎಂಬುದು ಅವರ ತೀರ್ಪು. ಅದು ತಪ್ಪು ಎಂದು ನನಗೆ ಗೊತ್ತಿತ್ತು. ಹೇಳಲಿಲ್ಲ.

ಯಳಂದೂರಿಗೆ ಬಸ್ಸು, ಅಲ್ಲಿಂದ ಹೊನ್ನೂರಿಗೆ ಆಟೋ ಹಿಡಿದೆ. ಶಿವಮಲ್ಲಪ್ಪ ಎಳನೀರು ಕೆತ್ತಿಸಿ ಇಟ್ಟುಕೊಂಡೇ ಕಾಯುತ್ತಿದ್ದರು.

‘ತಟ್ಟೆಗೆ ಸುರೀವಾಗ ಟಪ್ಪನ್ ಬಿತ್ತು ಕಣ್ರಿ. ನಮ್ಮೆಂಡ್ರು ಜಿರಳೆ ಅಂದ್ಕಂಡು ತಟ್ಟೆನೇ ಎತ್ತಾಕ್ಬುಟ್ಲು’ ಎಂದರು.

‘ಪುಡಿ ಎಲ್ಲಿ ತಗೊಂಡಿದ್ರಿ?’

‘ಅನೂರಲ್ಲಿ, ಬಸ್‌ಸ್ಟ್ಯಾಂಡ್ ಎದುರ್ಗೆ. ಮಗಳ ಮನೆಗೆ ಓಗಿದ್ವಿ. ಬರೋವಾಗ ಅರ್ಧ ಕೇಜಿ ತಕಂಡ್ವಿ.’

ಹನೂರಿನ ಆ ಪ್ಯಾಕೆಟ್ ತೋರಿಸಿದರು. ಕಂದು ಕಾಗದ. ಹೆಸರಿಲ್ಲ, ಊರಿಲ್ಲ, ಎಕ್ಸ್‌ಪೈರಿ ಡೇಟಿಲ್ಲ. ಗೊಂಬೆಯನ್ನು ತಿರುಗಿಸಿ ನೋಡಿದೆ. ತಳದಲ್ಲಿ ಕಂಪನಿಯ ಹಳೇ ಗುರುತು, ಒಂದು ಹೂಜಿ. ಪಕ್ಕದಲ್ಲಿ ಏಳು ಎಂಬ ಅಂಕಿ. ಮೂಗಿಗೆ ಹಿಡಿದೆ. ಟೀ ವಾಸನೆಯ ಜೊತೆಗೆ ಇನ್ನೊಂದು ವಾಸನೆ ಇತ್ತು. ಹೊಸ ಸೀರೆಯ ಗಂಜಿಯ ವಾಸನೆ. ಮಗ್ಗದ ಮನೆಯಲ್ಲಿ ಹುಟ್ಟಿದವರು ಅದನ್ನು ಮರೆಯುವುದಿಲ್ಲ.

‘ಸ್ಟೇಟಸ್ಸಿಗೆ ಆಕಿದ್ದೆ. ಬೆಂಗ್ಳೂರಿಂದ ಆಗ್ಲೇ ಮೂರ್ ಜನ ಫೋನ್ ಮಾಡವ್ರೆ. ಕೊಡಕಿಲ್ಲ ಅಂದೆ. ನೀವ್ ಬರ್ದಿದ್ದು, ನಿಮ್ಗೇ ಸೇರ್ಬೇಕು, ತಕಳಿ’ ಎಂದರು. ಆಮೇಲೆ ದನಿ ತಗ್ಗಿಸಿದರು. ‘ಬೇಗ ತಕಂಡೋದ್ರೆ ಒಳ್ಳೇದು. ಇದು ಬಂದಾಗ್ನಿಂದ ಬಾಗ್ಲಲ್ಲಿ ಯಾರೋ ಬಂದು ನಿಂತಂಗಾಯ್ತದೆ ಅಂತಾಳೆ ನಮ್ಮೆಂಡ್ರು. ನಂಗೂ ಅಂಗೇ ಅನ್ನುಸ್ತದೆ.’

ತಪ್ಪು ಹುಡುಕುವ ಶಿವಮಲ್ಲಪ್ಪ ಹೀಗೆ ಹೇಳಿದ್ದಕ್ಕೇ ನನಗೆ ಹೆದರಿಕೆಯಾಯಿತು.

ಈಗ ಹೋದ ತಿಂಗಳು ಬರೆಯದೇ ಬಿಟ್ಟದ್ದನ್ನು ಬರೆಯುತ್ತೇನೆ.

ಏಳನೇ ಗೊಂಬೆ ತಯಾರಾಗಿತ್ತು. ಕೊಳ್ಳೇಗಾಲದ ನಮ್ಮ ಮನೆಯಲ್ಲೇ. ಕಂಪನಿಯ ಏಜೆಂಟು ಬಿಸ್ಕೆಟ್ ಡಬ್ಬದ ತುಂಬ ಬರಿಮೈ ಗೊಂಬೆಗಳನ್ನು ತಂದು, ಇವಕ್ಕೆ ಸೀರೆ ನೇಯ್ದು ಉಡಿಸಿಕೊಡಿ ಎಂದಿದ್ದ. ಎರಡು ಬೆರಳಗಲದ ಸೀರೆಯನ್ನು ಯಾವ ಮಗ್ಗದಲ್ಲಿ ನೇಯುವುದು? ನನ್ನಕ್ಕ ರತ್ನ ನನ್ನ ಒಡೆದ ಸ್ಲೇಟಿನ ಚೌಕಟ್ಟು ತೆಗೆದುಕೊಂಡಳು. ಎರಡು ಕಡೆ ಸಾಲಾಗಿ ಸಣ್ಣ ಮೊಳೆ ಹೊಡೆದು ಅದನ್ನೇ ಮಗ್ಗ ಮಾಡಿಕೊಂಡಳು. ಅವಳಿಗೆ ಆಗ ಹತ್ತೊಂಬತ್ತು, ನನಗೆ ಹನ್ನೊಂದು. ಸ್ಲೇಟು ಹೋಯಿತೆಂದು ನಾನು ಅತ್ತದ್ದು ಇನ್ನೂ ನೆನಪಿದೆ.

ರತ್ನಕ್ಕ ಎಡಚಿ. ಹರಿದ ಎಳೆಗೆ ಎಲ್ಲರೂ ಹಾಕುವ ಗಂಟು ಬಲಕ್ಕೆ ಮಲಗಿದರೆ ಅವಳದ್ದು ಎಡಕ್ಕೆ ಮಲಗುತ್ತಿತ್ತು. ಆದರೆ ಸೀರೆಯ ಕೊನೆಯ ಎಳೆಯನ್ನು ಅವಳು ಕಟ್ಟುವಂತಿರಲಿಲ್ಲ. ಮದುವೆಯಾಗದ ಹುಡುಗಿ ನೇಯ್ದದ್ದನ್ನು ಕಲಿಸಿದವರು ಮುಗಿಸಿಕೊಡಬೇಕು, ಅದು ನಮ್ಮ ಮನೆಯ ಪದ್ಧತಿ. ಅವ್ವ ಕಟ್ಟುತ್ತಿದ್ದಳು. ಅವಸರದಲ್ಲಿ ಒಮ್ಮೊಮ್ಮೆ ಜೋಡಿ ಗಂಟು ಹಾಕಿಬಿಡುತ್ತಿದ್ದಳು. ಜೋಡಿ ಗಂಟು ಬಟ್ಟೆಯಲ್ಲಿ ಉಬ್ಬುತ್ತದೆ. ಅಕ್ಕನಿಗೆ ಅದು ಸರ್ವಥಾ ಆಗದು. ಬಾಗಿಲ ಬೆಳಕಿಗೆ ಹಿಡಿದು, ಸೂಜಿಯ ಮೊನೆಯಿಂದ ಗಂಟು ಬಿಚ್ಚಿ, ಎಳೆ ತುಂಡಾಗದ ಹಾಗೆ ಬಿಡಿಸಿ, ಮಾತಾಡದೆ ಅವ್ವನ ತೊಡೆಯ ಮೇಲೆ ವಾಪಸ್ ಹಾಕುತ್ತಿದ್ದಳು. ಅವಳ ಬೈಗುಳ ಅಷ್ಟೇ. ರೇಷ್ಮೆಯ ಜೋಡಿ ಗಂಟು ಬಿಚ್ಚುವವರು ನಮ್ಮ ಬೀದಿಯಲ್ಲಿ ಅವಳೊಬ್ಬಳೇ ಇದ್ದದ್ದು.

ಡಬ್ಬದ ಗೊಂಬೆಗಳೆಲ್ಲ ಸೀರೆ ಉಟ್ಟವು. ಏಜೆಂಟು ಹನೂರಿನಲ್ಲಿ ಇರುತ್ತೇನೆ, ಅಲ್ಲಿಗೇ ತಂದುಕೊಡಿ ಎಂದು ಹೇಳಿಕಳಿಸಿದ. ಅಕ್ಕ ಹೊರಟಳು. ಒಂದು ಗೊಂಬೆಯ ಕೊನೆಯ ಎಳೆ ಮಾತ್ರ ಬಾಕಿ ಇತ್ತು, ಬಸ್ಸಿಗೆ ಹೊತ್ತಾಗಿತ್ತು.

‘ಅಂಗೇ ತಕಂಡೋಗಮ್ಮಿ, ಒಂದ್ ಎಳೆ ಯಾರ್ ನೋಡ್ತಾರೆ’ ಎಂದಳು ಅವ್ವ.

ಅಕ್ಕ ಹೊಸ್ತಿಲ ಹತ್ತಿರ ಸ್ವಲ್ಪ ಹೊತ್ತು ನಿಂತಿದ್ದಳು. ಆಮೇಲೆ ಹೋದಳು.

ಹನೂರಿನಲ್ಲಿ ಇಳಿದಳು, ಕೈಯಲ್ಲಿ ಡಬ್ಬ ಇತ್ತು ಎಂದ ಕಂಡಕ್ಟರ್. ಹುಡುಗಿ ನನ್ನ ಹತ್ತಿರ ಬರಲೇ ಇಲ್ಲ ಎಂದ ಏಜೆಂಟು. ಬಸ್‌ಸ್ಟ್ಯಾಂಡಿಗೂ ಅವನಿದ್ದ ಅಂಗಡಿಗೂ ನಡುವೆ ಇದ್ದದ್ದು ಒಂದು ರಸ್ತೆ. ಅಪ್ಪ ಸ್ಟೇಷನ್ನಿಗೆ ಅಲೆದು ಅಲೆದು ಚಪ್ಪಲಿ ಸವೆಸಿದ. ಊರು ತನಗೆ ಬೇಕಾದ ಕಥೆ ಕಟ್ಟಿಕೊಂಡಿತು. (ಮನೆಗೆ ಬಾರದ ಹುಡುಗಿಗೆ ಊರು ಕಟ್ಟುವ ಕಥೆ ಒಂದೇ ತಾನೆ?) ನಲವತ್ತೆರಡು ವರ್ಷವಾಯಿತು. ಅಪ್ಪ ತೀರಿಕೊಂಡ. ಅದೇ ಮನೆಯಲ್ಲಿ ನನ್ನ ಜೊತೆಗಿರುವ ಅವ್ವನಿಗೆ ಈಗ ಎಂಬತ್ತೆರಡು, ಕಣ್ಣು ಪೂರ್ತಿ ಹೋಗಿದೆ. ಪ್ರತಿ ವರ್ಷ ಹಿರಿಯರಿಗೆ ಎಡೆ ಇಡುವ ದಿನ ಅವಳದ್ದು ಒಂದೇ ಪ್ರಶ್ನೆ. ರತ್ನನ ಹೆಸರಿಗೆ ಇಡಬೇಕೋ, ಬೇಡವೋ? ಇದ್ದಾಳೆ ಎಂದರೂ ಸರಿ, ಇಲ್ಲ ಎಂದರೂ ಸರಿ, ಯಾರಾದರೂ ಹೇಳಿದರೆ ಸಾಕು ಅವಳಿಗೆ. ಈ ವರ್ಷದ ಎಡೆಗೆ ಇನ್ನು ಕೆಲವೇ ದಿನ ಉಳಿದಿದೆ.

ಹೊನ್ನೂರಿನಿಂದ ಬಂದವಳು ಏನೂ ಹೇಳದೆ ಗೊಂಬೆಯನ್ನು ಅವಳ ಅಂಗೈಯಲ್ಲಿಟ್ಟೆ. ಅವ್ವನ ಹೆಬ್ಬೆರಳ ಉಗುರು ಸೀರೆಯ ಮೇಲೆ ಸರಿಯುತ್ತ ಹೋಗಿ ಒಂದು ಕಡೆ ನಿಂತಿತು. ಹಿಂದಕ್ಕೆ ಬಂದು, ಮತ್ತೆ ಅಲ್ಲೇ ನಿಂತಿತು.

‘ಎಡಕ್ಕೆ ಮಲ್ಗೈತೆ’ ಎಂದಳು. ಆಮೇಲೆ ಸೀರೆಯ ತುದಿ ಹುಡುಕಿದಳು. ‘ಕೊನೇ ಎಳೆ ಅಂಗೇ ಐತೆ ಕಣಮ್ಮಿ. ಇದು ಆವತ್ತಿಂದೇ.’

ನಾನು ವಾದಕ್ಕೆ ಇಳಿದೆ. (ಅಂಕಣ ಬರೆಯುವವರ ಕಾಯಿಲೆ, ಸುಮ್ಮನಿರಲು ಬರುವುದಿಲ್ಲ.) ಡಬ್ಬ ಎಲ್ಲೋ ಅಟ್ಟದಲ್ಲಿ ಬಿದ್ದಿತ್ತು, ಯಾರಿಗೋ ಸಿಕ್ಕಿತು, ನನ್ನ ಬರಹ ಓದಿ ತಮಾಷೆಗೆ ಹೊರಗೆ ಬಿಟ್ಟಿದ್ದಾರೆ ಎಂದೆ.

‘ಇರಬೌದು. ಆದ್ರೆ ಗಂಜಿ ಇನ್ನೂ ಬಿಟ್ಟಿಲ್ವಲ್ಲ. ಓದ್ ವಾರ ನೇಯ್ದಂಗೈತೆ.’

ಗ್ರೂಪಿನಲ್ಲೂ ಫೋಟೋ ನೋಡಿದ ತಜ್ಞರೊಬ್ಬರು ಅದನ್ನೇ ಬರೆದಿದ್ದರು. ಸೀರೆ ಇಷ್ಟು ಹೊಸದಾಗಿರುವುದರಿಂದ ಇದು ಡೂಪ್ಲಿಕೇಟ್, ಯಾರೂ ದುಡ್ಡು ಕೊಡಬೇಡಿ ಅಂತ.

ಅವ್ವ ಆ ಬಿಡಿ ಎಳೆಯನ್ನು ಬೆರಳಲ್ಲಿ ಹುಡುಕಿ ಹಿಡಿದು ಕಟ್ಟಿದಳು. ಒಂದು ಸುತ್ತು, ಅದರ ಮೇಲೆ ಇನ್ನೊಂದು.

‘ಜೋಡಿ ಗಂಟು ಹಾಕಿದೆಯಲ್ಲವ್ವಾ.’

‘ಬೇಕೂಂತ್ಲೇ ಆಕಿವ್ನಿ. ಎಲ್ಲಿಂದ ಬಂತೋ ಅಲ್ಲಿಗೇ ಕಳ್ಸು. ಬ್ಯಾರೆಯೋರಾದ್ರೆ ಅಂಗೇ ಇಟ್ಕತ್ತಾರೆ. ಅವ್ಳಾದ್ರೆ ಸುಮ್ಕಿರಕಿಲ್ಲ.’

ಹೀಗಾಗಿ ನಾನು ಹನೂರಿಗೆ ಹೋದೆ. ಬಸ್‌ಸ್ಟ್ಯಾಂಡ್ ಎದುರಿನ ಅಂಗಡಿ ಸೆಲ್ವಮ್ಮನದು. ಗಡಿಯ ಆ ಕಡೆಯ ತಮಿಳು, ಈ ಕಡೆಯ ಕನ್ನಡ, ಎರಡೂ ಕಲೆಸಿ ಮಾತಾಡುವ ಗಟ್ಟಿ ಹೆಂಗಸು. ಪುಡಿ ಯಾರು ಕಳಿಸುವುದು ಎಂದು ಕೇಳಿದೆ.

‘ತೆರಿಯಾದು ಮ್ಮಾ, ಗೊತ್ತಿಲ್ಲ. ನಮ್ಮತ್ತೆ ಕಾಲದಿಂದ ಇಂಗೇ. ಬಾರ್ಡರ್ ಹತ್ರ ಪಾಲಾರ್ ಅಂತ, ಆ ಕಡೆ ಬಸ್ಸಲ್ಲಿ ಬಾಕ್ಸ್ ಬತ್ತದೆ. ಖಾಲಿ ಬಾಕ್ಸಲ್ಲಿ ಕಾಸು ಇಟ್ಟು ಅದೇ ಬಸ್ಸಿಗೆ ಆಕ್ತೀನಿ. ಯಾರು ಅಂತ ಅತ್ತೆನೂ ಕೇಳ್ಲಿಲ್ಲ, ನಾನೂ ಕೇಳ್ಲಿಲ್ಲ. ಟೀ ಚೆನ್ನಾಗೈತಲ್ಲ?’

ನಗು ಬಂತು. ಆದರೆ ನಾವು ಮಾತ್ರ ಕೇಳುತ್ತೇವೆಯೇ? ಮನೆಯಲ್ಲಿರುವ ನೂರು ಸಾಮಾನಿನಲ್ಲಿ ಯಾವುದನ್ನು ಯಾರ ಕೈ ಮಾಡಿತು ಎಂದು ನಮಗೇನು ಗೊತ್ತು? ರುಚಿಯಾಗಿದ್ದರೆ ಆಯಿತು, ಜೊತೆಗೆ ಏನಾದರೂ ಫ್ರೀ ಇದ್ದರಂತೂ ಪ್ರಶ್ನೆಯೇ ಇಲ್ಲ.

ಗೊಂಬೆಯನ್ನು ಖಾಲಿ ಬಾಕ್ಸಿನಲ್ಲಿಟ್ಟೆ. ಬಸ್ಸು ಬಂತು. ಬಾಕ್ಸನ್ನು ಹಿಂದಿನ ಸೀಟಿನ ಮೇಲಿಟ್ಟ ಕಂಡಕ್ಟರನ್ನು, ಇದನ್ನು ಎಲ್ಲಿ ಇಳಿಸುತ್ತೀರಿ ಎಂದು ಕೇಳಿದೆ.

‘ಇಳ್ಸಕಿಲ್ಲ ಮೇಡಂ. ಪಾಲಾರ್ ಇನ್ನೂ ಎರಡ್ ತಿರುವು ಐತೆ ಅನ್ನೋವಾಗ ನೋಡುದ್ರೆ ಸೀಟ್ ಮೇಲೆ ಇರಕಿಲ್ಲ. ತುಂಬಿದ್ ಬಾಕ್ಸೂ ಅಂಗೇಯ, ಅಲ್ಲೇ ಬಂದು ಕೂತಿರ್ತದೆ.’

‘ಅಲ್ಲಿ ಯಾರು ಹತ್ತುತ್ತಾರೆ?’

‘ಅಲ್ಲಿ ಬಸ್ಸೇ ನಿಲ್ಸಕಿಲ್ವಲ್ಲ’ ಎಂದು ವಿಸಿಲ್ ಊದಿದ.

ಹತ್ತಿ ಕೂರಬಹುದಿತ್ತು. ಟಿಕೆಟ್ಟಿಗೆ ಚಿಲ್ಲರೆಯೂ ಇತ್ತು. ನಾನು ಹತ್ತಲಿಲ್ಲ. ಧೈರ್ಯದ ಬಗ್ಗೆ ಇದೇ ಅಂಕಣದಲ್ಲಿ ಎಷ್ಟೋ ಸಲ ಉಪದೇಶ ಮಾಡಿದ್ದೇನೆ, ದಯವಿಟ್ಟು ಅವನ್ನೆಲ್ಲ ಮರೆತುಬಿಡಿ.

ಒಂಬತ್ತು ದಿನ ಅವ್ವ ಊಟ ಸರಿಯಾಗಿ ಮಾಡಲಿಲ್ಲ. ಫೋನ್ ರಿಂಗಾದಾಗೆಲ್ಲ ಮುಖ ಆ ಕಡೆ ತಿರುಗಿಸುತ್ತಿದ್ದಳು. ಹತ್ತನೇ ದಿನ ಸೆಲ್ವಮ್ಮನ ಕಾಲ್. ‘ನಿಮ್ಮ ಬೊಂಬೆ ವಾಪಸ್ ಬಂದ್ಬುಟ್ಟಿದೆ ಮ್ಮಾ. ಪುಡಿ ಒಳ್ಗೆ ಅಲ್ಲ, ಮೇಲ್ಗಡೆನೇ ಇಟ್ಟವ್ರೆ.’

ತಂದು ಅವ್ವನ ಕೈಗೆ ಕೊಟ್ಟೆ. ಅದೇ ಗೊಂಬೆ, ಅದೇ ಸೀರೆ. ಉಗುರು ನೇರ ತುದಿಗೆ ಹೋಯಿತು. ಅಲ್ಲಿ ಗಂಟಿರಲಿಲ್ಲ. ಎಳೆ ಇತ್ತು, ಇಡೀ ಎಳೆ. ತುಂಡಾಗಿರಲಿಲ್ಲ, ಜುಂಗು ಎದ್ದಿರಲಿಲ್ಲ, ಎಂದೂ ಯಾರೂ ಕಟ್ಟಿಯೇ ಇರಲಿಲ್ಲ ಎಂಬ ಹಾಗೆ ಸಡಿಲವಾಗಿ ಇಳಿಬಿದ್ದಿತ್ತು.

ಅವ್ವ ನಕ್ಕಳು. ಅವಳು ಹಲ್ಲು ಕಾಣುವಂತೆ ನಕ್ಕದ್ದನ್ನು ನಾನು ಎಷ್ಟೋ ವರ್ಷದಿಂದ ನೋಡಿರಲಿಲ್ಲ.

‘ಬೈದವ್ಳೆ ನನ್ನ’ ಎಂದಳು. ‘ಈ ವರ್ಷ ಎಡೆ ಇಡದ್ ಬ್ಯಾಡ ಕಣಮ್ಮಿ. ಇನ್ಮೇಲೆ ಕೇಳದೂ ಇಲ್ಲ.’

ನನಗೆ ಅಳು ಬಂತು, ಅತ್ತೆ. ಅಲ್ಲಿಗೆ ಮುಗಿಸಬಹುದಿತ್ತು. ಆದರೆ ನನ್ನ ಬುದ್ಧಿ ನಿಮಗೆ ಗೊತ್ತೇ ಇದೆ. ಮಾರನೇ ದಿನ ಬಾಗಿಲಲ್ಲಿ ಕೂತು, ರೇಷ್ಮೆ ಎಳೆಗೆ ಜೋಡಿ ಗಂಟು ಹಾಕಿ, ನಾನೇ ಬಿಚ್ಚಲು ನೋಡಿದೆ. ಕನ್ನಡಕ, ಅದರ ಮೇಲೆ ಲೆನ್ಸು, ಕೈಯಲ್ಲಿ ಸೂಜಿ. ಮೂರು ಎಳೆ ತುಂಡಾದವು. ನಮ್ಮ ಬೀದಿಯ ಹಳೇ ನೇಕಾರರೊಬ್ಬರಿಗೆ ಕೊಟ್ಟೆ. ಅವರು ನೋಡಿ, ‘ನಮ್ ವಯಸ್ಸಿಗೆ ಆಗೋ ಕೆಲ್ಸ ಅಲ್ಲ ಇದು, ಕತ್ರಿ ತಕಳವ್ವ’ ಎಂದರು.

ಒಳಗಿನಿಂದ ಅವ್ವ ಕೇಳಿಸಿಕೊಂಡಳು.

‘ಕಟ್ಟಕ್ಕೆ ಬೆರಳು ಸಾಕು, ಬಿಚ್ಚಕ್ಕೆ ಕಣ್ಣು ಬೇಕು. ಅದೂ ಪ್ರಾಯದ ಕಣ್ಣು. ಮೂವತ್ತು ದಾಟುದ್ರೆ ಮುಗೀತು’ ಎಂದಳು. ದನಿಯಲ್ಲಿ ಮಗಳ ಬಗ್ಗೆ ಹೆಮ್ಮೆ ಇತ್ತು. ತಾನು ಹೇಳಿದ್ದು ಏನೆಂದು ಅವಳಿಗೆ ಹೊಳೆಯಿತೋ ಇಲ್ಲವೋ, ನಾನು ಕೇಳಲಿಲ್ಲ.

ಗೊಂಬೆ ಈಗ ಅವಳ ದಿಂಬಿನ ಪಕ್ಕದಲ್ಲಿದೆ, ಎಳೆ ಹಾಗೇ ಇಳಿಬಿದ್ದಿದೆ. ಯಾವಾಗ ಕಟ್ಟುತ್ತೀಯವ್ವಾ ಎಂದರೆ, ಕಟ್ಟುತ್ತೇನೆ, ಇವತ್ತು ಬೇಡ ಎನ್ನುತ್ತಾಳೆ. ನನಗೂ ಎರಡು ದಿನದಿಂದ ನಮ್ಮ ಬಾಗಿಲಲ್ಲಿ ಯಾರೋ ಬಂದು ನಿಂತ ಹಾಗೆ ಅನಿಸುತ್ತಿದೆ.

ರತ್ನಕ್ಕನಿಗೆ ಈಗ ಅರವತ್ತೊಂದು ಆಗಬೇಕು. ಆ ಗಂಟು ಬಿಚ್ಚಿದ ಕಣ್ಣುಗಳಿಗೆ ಎಷ್ಟು?